ಹದಿನಾಲ್ಕರ ಕೈಗೆ ಯಾವ ಪುಸ್ತಕ?

‘ನಮ್ಮ ಹುಡುಗಿ ಒಂಬತ್ತನೇ ಕ್ಲಾಸು. ಓದೋ ಹುಚ್ಚು ಬಹಳ. ಪಠ್ಯ ಬಿಟ್ಟು ಬೇರೆ ಯಾವ ಪುಸ್ತಕ ಕೊಡ್ಲಿ?’ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ನಮ್ಮನ್ನು ಹೀಗೆ ಕೇಳುತ್ತಾರೆ. ಆರು ವರ್ಷದ ಮಗುವಾದರೆ ಉತ್ತರ ಬಾಯಲ್ಲೇ ಇರುತ್ತದೆ. ಇಪ್ಪತ್ತು ದಾಟಿದವರಾದರೂ ಕಷ್ಟವಿಲ್ಲ. ನಡುವಿನ ವಯಸ್ಸು ಬಂದಾಗ ಮಾತ್ರ ನಾವು ತಡವರಿಸುತ್ತೇವೆ. ಈ ತಡವರಿಕೆ ನಮ್ಮದಷ್ಟೇ ಅಲ್ಲ, ಇದಕ್ಕೆ ನೂರು ವರ್ಷದ ಹಿನ್ನೆಲೆಯಿದೆ.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆದವರು ಕಡಿಮೆಯೇನಿಲ್ಲ. ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರು ಕಥೆ, ಪದ್ಯ ಬರೆದರು. ರಾಜರತ್ನಂ ತುತ್ತೂರಿ ಊದಿದರು. ಕುವೆಂಪು ಕಿಂದರಿಜೋಗಿಯನ್ನು ಕರೆತಂದರು. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದು, ಜಗತ್ತಿನ ವಿಷಯಗಳನ್ನೆಲ್ಲ ಮಕ್ಕಳ ಮುಂದೆ ಹರಡಿದರು. ಆದರೆ ಇವುಗಳಲ್ಲಿ ಹೆಚ್ಚಿನವು ಹನ್ನೆರಡರ ಒಳಗಿನವರನ್ನು ಕೂರಿಸಿಕೊಂಡು ಹೇಳಿದಂಥವು. ಹದಿಮೂರರಿಂದ ಹದಿನೇಳರವರಿಗೆ ಎಂದು ಬೇರೆ ಕಪಾಟು ಹುಟ್ಟಲೇ ಇಲ್ಲ.

ಕಾರಣ ಸಾಹಿತ್ಯದೊಳಗೆ ಇಲ್ಲ, ಮನೆಯೊಳಗಿದೆ. 1929ರ ಶಾರದಾ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಹೆಣ್ಣಿನ ಮದುವೆಗೆ ನಿಗದಿ ಮಾಡಿದ ಕನಿಷ್ಠ ವಯಸ್ಸು 14. ಸುಧಾರಣೆಯ ಕಾನೂನಿನ ಲೆಕ್ಕದಲ್ಲೇ ಹದಿನಾಲ್ಕು ಎಂದರೆ ಸಂಸಾರ ಹೂಡುವ ವಯಸ್ಸು. ಅದೇ ವಯಸ್ಸಿನ ರೈತರ ಹುಡುಗ ನೇಗಿಲು ಹಿಡಿದಿರುತ್ತಿದ್ದ. ಮಗುವೂ ಅಲ್ಲದ ದೊಡ್ಡವರೂ ಅಲ್ಲದ ಒಂದು ಕಾಲ ಬದುಕಿನಲ್ಲೇ ಇರದಿದ್ದಾಗ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಆ ವಯಸ್ಸಿಗೊಂದು ಸಾಹಿತ್ಯ ಬೇಕು ಎನ್ನಿಸುವುದಕ್ಕೆ ಮೊದಲು ಆ ವಯಸ್ಸಿನವರು ಶಾಲೆಯಲ್ಲಿ ಉಳಿಯಬೇಕಿತ್ತು.

ಹಾಗೆಂದು ಆ ವಯಸ್ಸಿನವರು ಓದದೆ ಕೂರಲಿಲ್ಲ. ದೊಡ್ಡವರದ್ದನ್ನೇ ಎತ್ತಿಕೊಂಡು ಓದಿದರು. ಹಾವೇರಿ ಸೀಮೆಯ ಗಳಗನಾಥರು (1869–1942) ಶಾಲಾ ಮಾಸ್ತರರು. ತಾವು ಬರೆದ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಓದುಗ ಪುಸ್ತಕದ ಹತ್ತಿರ ಬರಲಿ ಎಂದು ಅವರು ಕಾಯಲಿಲ್ಲ. ‘ಇದನ್ನು ಓದಿ’ ಎಂದು ಕೈಗೇ ಕೊಡುವ ಕೆಲಸ ನಮ್ಮಲ್ಲಿ ಶುರುವಾದದ್ದು ಹೀಗೆ, ಕಾಲ್ನಡಿಗೆಯಲ್ಲಿ.

ಮುಂದೆ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ‘ಚಂದಮಾಮ’ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಅದು ಸಾಲದಾದ ಹುಡುಗರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಗೆ ಬಿದ್ದರು. ಹುಡುಗಿಯರು ತ್ರಿವೇಣಿಯವರನ್ನು ಓದಿದರು. ಬಾಡಿಗೆ ಲೈಬ್ರರಿಯಿಂದ ತಂದು, ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟು, ಅಡುಗೆಮನೆಯ ಮೂಲೆಯಲ್ಲಿ ಕೂತು. ‘ಕಾದಂಬರಿ ಓದಿದರೆ ಹುಡುಗಿ ಕೆಡ್ತಾಳೆ’ ಎಂಬ ಮಾತು ನಮ್ಮ ಅಮ್ಮಂದಿರು ಕೇಳಿದ್ದು, ನಾವೂ ಕೇಳಿದ್ದು. ತ್ರಿವೇಣಿ ಬರೆದದ್ದೋ ಹೆಣ್ಣಿನ ಮನಸ್ಸಿನ ಸಂಕಟಗಳನ್ನು. ಮನೆಯಲ್ಲಿ ಯಾರ ಹತ್ತಿರವೂ ಕೇಳಲಾಗದ ಪ್ರಶ್ನೆಗಳು ಅಲ್ಲಿದ್ದವು. ಕದ್ದು ಓದಿಸಿಕೊಂಡ ಆ ಪುಸ್ತಕಗಳನ್ನು ಯಾವ ಮೇಷ್ಟರೂ ಶಿಫಾರಸು ಮಾಡಿರಲಿಲ್ಲ. ಗೆಳತಿ ಗೆಳತಿಗೆ ಕೊಟ್ಟಿದ್ದಳು, ಅಷ್ಟೇ.

ದೊಡ್ಡವರು ಶಿಫಾರಸು ಮಾಡಿದ್ದು ಬೇರೆಯೇ. 1970ರ ದಶಕದಲ್ಲಿ ರಾಷ್ಟ್ರೋತ್ಥಾನದವರು ತಂದ ‘ಭಾರತ-ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ಊರೂರಿನ ಶಾಲೆಗಳಿಗೆ ಹೋದವು. ಭಾಷಣ ಸ್ಪರ್ಧೆಯಲ್ಲಿ ಗೆದ್ದರೆ ಬಹುಮಾನ ಅದೇ. ಕಡಿಮೆ ಬೆಲೆ, ಸರಳ ಕನ್ನಡ, ಒಂದೇ ಕೂರಿಕೆಯಲ್ಲಿ ಮುಗಿಯುವ ಮಹನೀಯರ ಜೀವನ. ನಮ್ಮಲ್ಲಿ ಹಲವರಿಗೆ ಸ್ವಂತದ್ದು ಎನ್ನುವ ಮೊದಲ ಪುಸ್ತಕ ಅದು. ಅದರ ಋಣ ನಮ್ಮ ಮೇಲಿದೆ. ಆದರೆ ಅವುಗಳಲ್ಲಿ ಇದ್ದದ್ದು ‘ಹೀಗೆ ಆಗು’ ಎಂಬ ಮಾತು. ‘ನಿನಗೆ ಹೀಗೆಲ್ಲ ಆಗುತ್ತಿದೆಯಾ?’ ಎಂದು ಕೇಳುವ ಪುಸ್ತಕ ಇನ್ನೂ ಬರಬೇಕಿತ್ತು.

1980ರಲ್ಲಿ ತೇಜಸ್ವಿಯವರ ‘ಕರ್ವಾಲೊ’ ಬಂತು. ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಹೈಸ್ಕೂಲು ಹುಡುಗರು ಅದನ್ನು ತಮ್ಮದೇ ಮಾಡಿಕೊಂಡರು. ಏಕೆಂದರೆ ಅಲ್ಲಿ ದೊಡ್ಡ ವಿಜ್ಞಾನಿಗೆ ಹಳ್ಳಿಯ ಮಂದಣ್ಣ ಬೇಕೇ ಬೇಕು. ದಡ್ಡ ಎನ್ನಿಸಿಕೊಂಡವನ ಕಣ್ಣಿಗೆ ಕಾಡು ಕಾಣುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಲೆನಾಡಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾರು ಕೊಟ್ಟಾರು? ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದಾಗಲೂ ಅಷ್ಟೇ. ಪುಸ್ತಕ ಮುಟ್ಟದವರೂ ಮುಟ್ಟಿದರು.

ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಕೊಡಲು ಶುರು ಮಾಡಿದ್ದು 2010ರಲ್ಲಿ. ಮರುವರ್ಷ ಕನ್ನಡದಲ್ಲಿ ಅದು ಸಂದದ್ದು ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿ, ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡವರು ಅವರು. ಊರು ಕಳೆದುಕೊಳ್ಳುವ ಮಾತನ್ನು ಎಳೆಯರ ಮುಂದೆ ಎತ್ತಬಹುದು, ಅವರಿಗೆ ಅದು ಅರ್ಥವಾಗುತ್ತದೆ ಎಂದು ನಂಬಿದವರು.

ಈಗ ಪುಸ್ತಕದ ಕಪಾಟು ಊರಿನಲ್ಲೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ತಂದಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅಂದರೆ ಗಳಗನಾಥರು ಹೊತ್ತು ತಿರುಗಿದ್ದ ದೂರ ಇವತ್ತು ಪಂಚಾಯಿತಿ ಕಟ್ಟಡದವರೆಗಿನ ದೂರವಾಗಿದೆ. ಉಳಿದಿರುವುದು ಕೈಗೆ ಕೊಡುವವರ ಕೊರತೆ. ಒಂಬತ್ತನೇ ಕ್ಲಾಸಿನ ಹುಡುಗಿ ಹೋದಾಗ ಒಂದೋ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ತೋರಿಸುತ್ತೇವೆ, ಇಲ್ಲವೇ ಚಿತ್ರದ ಪುಸ್ತಕ. ಎರಡು ಸಲ ಹೀಗಾದರೆ ಮೂರನೇ ಸಲ ಅವಳು ಬರುವುದಿಲ್ಲ. ಓದುವ ಹುಚ್ಚು ಬಿಡುವ ವಯಸ್ಸೂ ಅದೇ.

ಆದ್ದರಿಂದ ನಮ್ಮ ಉತ್ತರ ಇಷ್ಟು. ಮೊದಲು ‘ಕರ್ವಾಲೊ’ ಕೊಡಿ. ಮುಳುಗಡೆಯ ಸೀಮೆಯವರಾಗಲಿ ಅಲ್ಲದವರಾಗಲಿ, ಡಿಸೋಜರನ್ನು ಕೊಡಿ. ಹದಿನೈದು ದಾಟಿದವಳಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕೊಡಿ. ಬಾಲವಿಧವೆಯೊಬ್ಬಳ ಬದುಕು ಅದು. ಪಕ್ಕದ ಮನೆಯ ಹುಡುಗಿಯ ಓದು ಬಿಡಿಸಿ ಮದುವೆ ಮಾತು ಎತ್ತಿದಾಗ ಏನು ಹೇಳಬೇಕು ಎಂಬುದಕ್ಕೆ ಅವಳಿಗೆ ಮಾತು ಸಿಗಬಹುದು. ಅದಾದ ಮೇಲೆ ತ್ರಿವೇಣಿಯವರ ‘ಶರಪಂಜರ’, ಈ ಸಲ ಕದ್ದು ಅಲ್ಲ.

ಒಂದೇ ಷರತ್ತು. ಕೊಡುವ ಮುಂಚೆ ನೀವೂ ಓದಿರಬೇಕು. ಅವಳು ಮುಗಿಸಿ ಬಂದು ‘ಅಪ್ಪಾ, ಅವಳ ತಲೆ ಯಾಕೆ ಬೋಳಿಸಿದ್ರು?’ ಎಂದು ಕೇಳಿದಾಗ ಗೊತ್ತಿಲ್ಲ ಎನ್ನುವ ಹಾಗಿರಬಾರದು.