ಕಾಫಿ ತೋಟ ಉಳಿದದ್ದು ಹೇಗೆ?

ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ ನಿಮಗೆ ಗೊತ್ತೇ ಇದೆ. ಬೀಜ ಬಂದ ಕಥೆಯನ್ನು ಎಲ್ಲರೂ ಹೇಳುತ್ತೇವೆ. ಬೆಳೆ ಉಳಿದ ಕಥೆ ಕೇಳುವವರು ಕಡಿಮೆ.

1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗಿನ ತೋಟಗಳನ್ನು ಹಾಳುಗೆಡವಿತು. ಮದರಾಸು ಸರಕಾರದ ವೈದ್ಯಾಧಿಕಾರಿ ಜಾರ್ಜ್ ಬಿಡಿ ತೋಟಗಳನ್ನು ಕಂಡು 1869ರಲ್ಲಿ ವರದಿ ಬರೆದರು. ನೆರಳಿದ್ದ ಕಡೆ ಹುಳುವಿನ ಕಾಟ ಕಡಿಮೆ ಎಂಬುದು ಅದರ ಮುಖ್ಯ ಮಾತು. ಮರ ಕಡಿದು ಬಯಲು ಮಾಡಿದ್ದ ಸಾಹೇಬರು ಮತ್ತೆ ಮರ ಬೆಳೆಸಬೇಕಾಯಿತು! ಒಂದು ತೋಟದ ಅನುಭವ ಕಾಗದಕ್ಕೆ ಇಳಿದು ಹತ್ತು ತೋಟಗಳಿಗೆ ದಾರಿಯಾಯಿತು. ಇತ್ತ ಎಲೆ ತುಕ್ಕು ರೋಗಕ್ಕೆ ಸೋತ ಸಿಲೋನಿನವರು ಕಾಫಿ ಬಿಟ್ಟು ಚಹಾ ಹಿಡಿದರು. ನಮ್ಮಲ್ಲಿ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ, 1946ರಲ್ಲಿ ಚೆಟ್ಟಳ್ಳಿಯಲ್ಲಿ ಅದರ ಉಪಕೇಂದ್ರ ಬಂದವು. ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುವ ಎಸ್.795 ತಳಿ ಬಾಳೆಹೊನ್ನೂರಿನ ಕೊಡುಗೆ.

ಆದರೆ ವರದಿಯೊಂದೇ ಸಾಲದು. ಬೋರರ್ ಹಿಡಿದ ಗಿಡದ ಕಾಂಡದ ಮೇಲೆ ತೊಗಟೆ ಉಬ್ಬಿ ಗೆರೆಯಂತೆ ಕಾಣುತ್ತದೆ. ಅದನ್ನು ಮೊದಲು ಗುರುತಿಸುವುದು ಕಾರ್ಮಿಕರ ಕಣ್ಣು. ಹುಳು ಹಾರುವ ಮುನ್ನ ಆ ಗಿಡ ಕಿತ್ತು ಸುಡಬೇಕು. ಗದರಿಸುವ ಯಜಮಾನನಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಹುಳು ಪಕ್ಕದ ಗಿಡ ಸೇರಿರುತ್ತದೆ. ಕೇಳಿಸಿಕೊಳ್ಳುವ ಯಜಮಾನನಿಗೆ ಅದೇ ದಿನ ಗೊತ್ತಾಗುತ್ತದೆ. ಆಡಳಿತದ ಪುಸ್ತಕಗಳು ನಾಯಕತ್ವದ ಶೈಲಿ ಎನ್ನುವುದು ಇದನ್ನೇ ಇರಬೇಕು.

ಕೊಡ್ಲಿಪೇಟೆ ಸುತ್ತಲಿನ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಹಳೆಯ ಮೇಸ್ತ್ರಿಗಳಿದ್ದರೆ, ಅವರು ಗಿಡ ನೋಡುವ ಬಗೆಯನ್ನು ಈ ರಜೆಯಲ್ಲೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.