ಪೋಡಿನಿಂದ ಪ್ರಯೋಗಾಲಯಕ್ಕೆ: ಕುಡುಗೋಲು ಕಣ ಸಂಶೋಧನೆಯ ಹಾದಿ

ಪಿಎಚ್.ಡಿ. ಮುಗಿದ ಮೇಲೆ, ಸ್ವತಂತ್ರ ವಿಜ್ಞಾನಿಯಾಗುವ ಮುನ್ನ ಕೆಲವು ವರ್ಷ ಕೈಗೊಳ್ಳುವ ಅಧ್ಯಯನವೇ ಡಾಕ್ಟರೇಟ್ ನಂತರದ ಸಂಶೋಧನೆ. ಜೀವವೈದ್ಯಕೀಯ ವಿಜ್ಞಾನದಲ್ಲಿ ಇದಕ್ಕೆ ಅವಕಾಶವಿರುವುದು ಮಹಾನಗರಗಳ ವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕಾಡಂಚಿನ ಜನರನ್ನು ಕಾಡುವ ಒಂದು ರೋಗದ ಚರಿತ್ರೆ ಬೇರೆ ಮಾತು ಹೇಳುತ್ತದೆ.

1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ರೋಗಿಯೊಬ್ಬನ ರಕ್ತದಲ್ಲಿ ಕಂಡ ಕುಡುಗೋಲಿನಾಕಾರದ ಕೆಂಪು ಕಣಗಳನ್ನು ವರ್ಣಿಸಿದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ತೋರಿಸಿದರು. ಅಮೆರಿಕದಲ್ಲಿ ಡಾಕ್ಟರೇಟ್ ನಂತರದ ಸಂಶೋಧನೆ ಮುಗಿಸಿ ಕೇಂಬ್ರಿಜ್ ಸೇರಿದ್ದ ವರ್ನನ್ ಇಂಗ್ರಾಂ 1957ರಲ್ಲಿ ಆ ದೋಷವನ್ನು ಗುರುತಿಸಿದರು. ಗ್ಲುಟಾಮಿಕ್ ಆಮ್ಲ ಇರಬೇಕಾದ ಒಂದು ಸ್ಥಾನದಲ್ಲಿ ವ್ಯಾಲಿನ್ ಇತ್ತು, ಅಷ್ಟೇ!

ಈ ನಡುವೆ, 1952ರಲ್ಲಿ, ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣದ ಲಕ್ಷಣವನ್ನು ಪತ್ತೆ ಮಾಡಿದರು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವುದೇ ಈ ನೀಲಗಿರಿ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಅಲ್ಲಿನ ಸೋಲಿಗರಲ್ಲೂ ಈ ರೋಗವಿರುವುದು ತಿಳಿದುಬಂದಿತು.

ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ದೋಷದ ಜೀನ್ ಬಂದವರು ವಾಹಕರು. ಅವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇಬ್ಬರಿಂದಲೂ ಬಂದರೆ ರೋಗ. ತಂದೆತಾಯಿಯರಿಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇ. 25. ಇಂಥ ಜೀನ್ ಅಳಿಯದೆ ಉಳಿದದ್ದೇಕೆ? ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆಂದು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದರು. ಭಾರತದಲ್ಲಿನ ಈ ಜೀನ್ ಆಫ್ರಿಕದ್ದರಿಂದ ಬೇರೆಯಾಗಿ ಹುಟ್ಟಿರಬೇಕೆಂಬುದಕ್ಕೆ 1986ರಲ್ಲಿ ಪುರಾವೆ ದೊರೆಯಿತು. ಆದ್ದರಿಂದ ಹೊರನಾಡಿನ ಫಲಿತಾಂಶಗಳನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು. ಇಲ್ಲಿಯೇ ಸಂಶೋಧನೆ ನಡೆಯಬೇಕು.

ಅದಕ್ಕೆ ದಾರಿಗಳೂ ತೆರೆದಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಸ್ಥಾಪಿಸಿದ ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗಳನ್ನು ನೀಡುತ್ತ ಬಂದಿದೆ. ಇದರ ನೆರವಿನಿಂದಲೇ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಡಾ. ಎನ್.ಎಸ್. ಪ್ರಶಾಂತ್, ಸೋಲಿಗರನ್ನೂ ಒಳಗೊಂಡ ಬುಡಕಟ್ಟು ಆರೋಗ್ಯದ 'ಥೀಟಾ' ಅಧ್ಯಯನವನ್ನು ಕೈಗೊಂಡರು. ಅದರ ರೂಪುರೇಷೆ 2019ರಲ್ಲಿ ಪ್ರಕಟವಾಯಿತು. 2016ರಲ್ಲಿ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿತ್ತು.

2047ರೊಳಗೆ ಈ ರೋಗವನ್ನು ನಿವಾರಿಸುವ ರಾಷ್ಟ್ರೀಯ ಅಭಿಯಾನ 2023ರಲ್ಲಿ ಪ್ರಾರಂಭವಾಯಿತು. ಗುರಿ 7 ಕೋಟಿ ಜನರ ತಪಾಸಣೆ. ಆದರೆ ತಪಾಸಣೆಯೇ ಚಿಕಿತ್ಸೆಯಲ್ಲ. ರಕ್ತದ ಮಾದರಿ ನಗರಕ್ಕೆ ಹೋದರೆ ಸಾಲದು. ಫಲಿತಾಂಶ, ಔಷಧ, ಸಲಹೆ ಮೂರೂ ಪೋಡಿಗೆ ಮರಳಬೇಕು. ಒಂದೇ ಜೀನ್ ಇದ್ದರೂ ಒಬ್ಬರಿಗೆ ತೀವ್ರ ನೋವು, ಇನ್ನೊಬ್ಬರಿಗೆ ಅಲ್ಪ ಬಾಧೆ ಏಕೆ? ವಾಹಕರೆಂಬ ಹಣೆಪಟ್ಟಿ ಮದುವೆಗೆ ಅಡ್ಡಿಯಾಗದಂತೆ ತಿಳಿವಳಿಕೆ ನೀಡುವುದು ಹೇಗೆ? ಇಂಥ ಪ್ರಶ್ನೆಗಳು ಕಾದಿವೆ. ಇಂದು ಗುಂಡ್ಲುಪೇಟೆಯಲ್ಲಿ ಜೀವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಯೇ ನಾಳೆ ಇವನ್ನು ಕೈಗೆತ್ತಿಕೊಳ್ಳಬಹುದು. ಆ ಆಸಕ್ತಿ ಮೂಡಿಸುವ ಹೊಣೆ ಶಿಕ್ಷಕರದು.