ಮಾಚು ಪಿಚ್ಚು: ಗಾಜಿನ ಪಟದಲ್ಲಿ ಕಂಡದ್ದು, ಕಾಣದೆ ಉಳಿದದ್ದು

ಚಲನಚಿತ್ರ ಇನ್ನೂ ಶೈಶವಾವಸ್ಥೆಯಲ್ಲಿದ್ದ ಕಾಲಕ್ಕೆ, ದೂರದೇಶಗಳನ್ನು ನೋಡಬೇಕೆಂಬ ಹಂಬಲವಿದ್ದೂ ಹಡಗು ಹತ್ತಲಾರದವರಿಗೆ ಒಂದು ಸುಲಭೋಪಾಯವಿತ್ತು. ಅದು ಸಚಿತ್ರ ಉಪನ್ಯಾಸ. ಅಂಗೈಯಗಲದ ಗಾಜಿನ ತುಂಡಿನ ಮೇಲೆ ಛಾಯಾಚಿತ್ರವನ್ನು ಮೂಡಿಸಿ, ಬೇಕೆನಿಸಿದರೆ ಕೈಯಿಂದಲೇ ಬಣ್ಣ ತುಂಬಿ, ಮ್ಯಾಜಿಕ್ ಲ್ಯಾಂಟರ್ನಿನ ಪ್ರಖರವಾದ ದೀಪದ ಮುಂದೆ ಇಟ್ಟರೆ ಅದು ಗೋಡೆಯಗಲದ ಬಟ್ಟೆಯ ಮೇಲೆ ಬೆಳಗುತ್ತಿತ್ತು. ಪಕ್ಕದಲ್ಲಿ ಕೋಲು ಹಿಡಿದು ನಿಂತ ಯಾತ್ರಿಕ ಹೇಳಿದ್ದೇ ಕಥೆ. ಕತ್ತಲಲ್ಲಿ ಕುಳಿತವರು ಅದನ್ನು ಪ್ರಶ್ನಿಸುವಂತಿರಲಿಲ್ಲ. ಚಿತ್ರ ಕಣ್ಣ ಮುಂದೆಯೇ ಇದೆಯಲ್ಲ!

ಪೆರು ದೇಶದ ಮಾಚು ಪಿಚ್ಚು ಎಂಬ ಇಂಕಾ ಪಟ್ಟಣ ಲೋಕಪ್ರಸಿದ್ಧವಾದದ್ದು ಹೆಚ್ಚುಕಡಿಮೆ ಈ ಮಾರ್ಗದಲ್ಲೇ. ಅಲ್ಲಿ ವಿದ್ವತ್ತಿಗಿಂತ ಮೊದಲು ಚಿತ್ರ ಬಂದಿತು, ವಿವೇಚನೆಗಿಂತ ಮೊದಲು ಬಣ್ಣನೆ ಬಂದಿತು. ಆ ಚಿತ್ರಗಳು ಸುಳ್ಳಲ್ಲ. ಆದರೆ ಅವು ತೋರಿಸಿದ್ದಕ್ಕಿಂತ ಬಿಟ್ಟದ್ದು ಹೆಚ್ಚು, ಬಿಟ್ಟದ್ದನ್ನು ಮರಳಿ ಸೇರಿಸಲು ಇತಿಹಾಸಕಾರರಿಗೆ ನೂರು ವರ್ಷ ಹಿಡಿಯಿತು.

ಕಥಾನಾಯಕ ಹೈರಮ್ ಬಿಂಗ್‌ಹ್ಯಾಮ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕ, ಮೂವತ್ತೈದರ ಹರೆಯ, ನೀಳಕಾಯ, ಮಹತ್ತ್ವಾಕಾಂಕ್ಷಿ. 1911ರಲ್ಲಿ ಅವನು ಪೆರುವಿಗೆ ಹೋದದ್ದು ಮಾಚು ಪಿಚ್ಚುವನ್ನು ಹುಡುಕಿಕೊಂಡಲ್ಲ. ಸ್ಪೇನಿನವರು ಕುಸ್ಕೊ ನಗರವನ್ನು ಹಿಡಿದ ಮೇಲೆ ಇಂಕಾ ರಾಜವಂಶದ ಒಂದು ಕವಲು ವಿಲ್ಕಬಂಬ ಎಂಬ ಕಾಡಿನ ರಾಜಧಾನಿಗೆ ಸರಿದು, 1572ರವರೆಗೂ ಅಲ್ಲಿಂದಲೇ ಎದುರು ನಿಂತಿತ್ತು. ಬಿಂಗ್‌ಹ್ಯಾಮನಿಗೆ ಬೇಕಾಗಿದ್ದುದು ಆ ಕೊನೆಯ ನೆಲೆ.

ಜುಲೈ 24ರ ಬೆಳಗ್ಗೆ ಉರುಬಂಬ ನದಿಯ ಕಣಿವೆಯಲ್ಲಿ ಚಳಿ, ತುಂತುರು ಮಳೆ. ಹಿಂದಿನ ರಾತ್ರಿ ಬೀಡುಬಿಟ್ಟಿದ್ದ ತಾಣದ ಬಳಿ ಮೆಲ್ಚೋರ್ ಅರ್ತಿಯಾಗ ಎಂಬ ರೈತನ ಗುಡಿಸಲಿತ್ತು. ಎದುರಿನ ಬೆಟ್ಟದ ಮೇಲೆ ಹಳೆಯ ಕಟ್ಟಡಗಳಿವೆಯೆಂದು ಹೇಳಿದವನು ಅವನೇ. ಆದರೆ ಆ ಮಳೆಯಲ್ಲಿ ಹತ್ತಲು ಅವನಿಗೆ ಮನಸ್ಸಿಲ್ಲ. ಒಂದು ಬೆಳ್ಳಿಯ ಸೋಲ್ ನಾಣ್ಯ ಕೊಡುವೆನೆಂದಾಗ ಒಪ್ಪಿದ. ದಿನಗೂಲಿಯ ಮೂರುನಾಲ್ಕು ಪಾಲು ಅದು. ತಂಡದ ಪ್ರಾಣಿಶಾಸ್ತ್ರಜ್ಞನಿಗೆ ನದೀತೀರದ ಚಿಟ್ಟೆಗಳೇ ಸಾಕೆನಿಸಿದುವು, ವೈದ್ಯನಿಗೆ ಬಟ್ಟೆ ಒಗೆಯುವ ಕೆಲಸವಿತ್ತು. ಹೀಗಾಗಿ ಬಿಂಗ್‌ಹ್ಯಾಮನೊಡನೆ ಹೊರಟವರು ಅರ್ತಿಯಾಗ ಮತ್ತು ಸರ್ಕಾರ ಕೊಟ್ಟಿದ್ದ ಕರ್ರಾಸ್ಕೊ ಎಂಬ ಸಾರ್ಜೆಂಟ್, ಇಬ್ಬರೇ. ಮರದ ದಿಮ್ಮಿಗಳನ್ನು ಬಳ್ಳಿಯಿಂದ ಬಿಗಿದ ಸೇತುವೆಯ ಮೇಲೆ ಆ ಅಧ್ಯಾಪಕ ಅಂಬೆಗಾಲಿಕ್ಕಿ ನದಿ ದಾಟಿದ.

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಅವನನ್ನು ಎದುರುಗೊಂಡದ್ದು ನಿರ್ಜನವಾದ ನಗರವಲ್ಲ, ಹುಲ್ಲಿನ ಗುಡಿಸಲು. ರಿಚಾರ್ಟೆ ಮತ್ತು ಆಲ್ವಾರೆಸ್ ಎಂಬ ಬೇಸಾಯಗಾರರ ಕುಟುಂಬಗಳು ಅಲ್ಲಿ ನಾಲ್ಕು ವರ್ಷಗಳಿಂದ ನೆಲಸಿದ್ದುವು. ಸೈನ್ಯಕ್ಕೆ ಹಿಡಿದೊಯ್ಯುವವರಿಂದಲೂ ತೆರಿಗೆಯವರಿಂದಲೂ ದೂರವಿರಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಇಂಕಾಗಳು ಕಟ್ಟಿದ ಮೆಟ್ಟಿಲುಗದ್ದೆಗಳಲ್ಲಿ ಅವರು ಮುಸುಕಿನ ಜೋಳ, ಗೆಣಸು, ಆಲೂಗಡ್ಡೆ, ಕಬ್ಬು, ಹುರುಳಿಕಾಯಿ, ಮೆಣಸಿನಕಾಯಿ ಬೆಳೆದುಕೊಂಡಿದ್ದರು. ಬಂದ ಅತಿಥಿಗೆ ಸೋರೆಬುರುಡೆಯಲ್ಲಿ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟು ಉಪಚರಿಸಿದರು. ಆಮೇಲೆ ಒಬ್ಬ ಹುಡುಗನನ್ನು ಜೊತೆಮಾಡಿ ಕಳುಹಿಸಿದರು. ಬಿದಿರುಮೆಳೆ, ಪಾಚಿ, ಬಳ್ಳಿಗಳ ನಡುವೆ ಬಿಳಿಯ ಕಣಶಿಲೆಯ ಆ ಅಪೂರ್ವವಾದ ಗೋಡೆಗಳನ್ನು ಬಿಂಗ್‌ಹ್ಯಾಮನಿಗೆ ತೋರಿಸಿದ್ದು ಆ ಬಾಲಕ.

ಒಂದು ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಹೆಸರೊಂದಿತ್ತು: ಲಿಸಾರ್ರಾಗ, 1902. ಅದು ಅದೇ ಕಣಿವೆಯ ಅಗಸ್ಟಿನ್ ಲಿಸಾರ್ರಾಗ ಎಂಬ ರೈತನದು. ಬಿಂಗ್‌ಹ್ಯಾಮ್ ಪ್ರಾಮಾಣಿಕನಾಗಿಯೇ ತನ್ನ ಟಿಪ್ಪಣಿ ಪುಸ್ತಕದಲ್ಲಿ, ಮಾಚು ಪಿಚ್ಚುವನ್ನು ಕಂಡುಹಿಡಿದವನು ಲಿಸಾರ್ರಾಗ ಎಂದು ಗುರುತುಹಾಕಿಕೊಂಡ. ಕಥೆ ಬೆಳೆಯುತ್ತ ಹೋದಂತೆ ಆ ಹೆಸರು ಹಿಂದೆ ಸರಿಯಿತು. ಲಿಸಾರ್ರಾಗನಾದರೋ 1912ರಲ್ಲಿ ನದಿಯ ಪಾಲಾದ. ತನ್ನ ಪರವಾಗಿ ವಾದಿಸಲು ಉಳಿಯಲಿಲ್ಲ.

ಆ ಮೊದಲ ದಿನ ಬಿಂಗ್‌ಹ್ಯಾಮ್ ಅಲ್ಲಿದ್ದುದು ಕೆಲವೇ ಗಂಟೆ. ಕೆಲವು ಚಿತ್ರ ತೆಗೆದು, ವಿಲ್ಕಬಂಬವನ್ನು ಅರಸುತ್ತ ಮುಂದೆ ನಡೆದುಬಿಟ್ಟ. ಸ್ವಾರಸ್ಯವೆಂದರೆ, ಅದೇ ಆಗಸ್ಟಿನಲ್ಲಿ ಎಸ್ಪಿರಿಟು ಪಂಪ ಎಂಬಲ್ಲಿ ಕಾಡಿನಡಿ ಹುದುಗಿದ್ದ ನಿಜವಾದ ವಿಲ್ಕಬಂಬದ ಮೇಲೆಯೇ ಅವನು ಕಾಲಿಟ್ಟಿದ್ದ. ಅಲ್ಲಿ ಕಂಡದ್ದು ಅಲ್ಪಸ್ವಲ್ಪ ಗೋಡೆ. ಚಿತ್ರಕ್ಕೆ ಒದಗುವಂಥದೇನೂ ಇರಲಿಲ್ಲ. ಮಾಚು ಪಿಚ್ಚುವಿನ ಬೆಡಗೇ ಬೇರೆ. ಆದುದರಿಂದ ಇದೇ ಇಂಕಾಗಳ ಕೊನೆಯ ರಾಜಧಾನಿಯಾಗಿರಬೇಕೆಂದು ಅವನು ನಿಶ್ಚಯಿಸಿದ. ಆ ವಾದವನ್ನು ಕೊನೆಯವರೆಗೂ ಬಿಡಲಿಲ್ಲ. ಅವನು ತೀರಿಕೊಂಡದ್ದು 1956ರಲ್ಲಿ. 1964ರಲ್ಲಿ ಜೀನ್ ಸಾವೊಯ್ ಎಂಬ ಅನ್ವೇಷಕ ಎಸ್ಪಿರಿಟು ಪಂಪದ ನಿಜವಾದ ವಿಸ್ತಾರವನ್ನು ಬೆಳಕಿಗೆ ತಂದ.

1912ರಲ್ಲಿ ಯೇಲ್ ವಿಶ್ವವಿದ್ಯಾಲಯ ಮತ್ತು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಗಳ ಹಣದೊಂದಿಗೆ, ಕೊಡಕ್ ಕ್ಯಾಮೆರಾಗಳೊಂದಿಗೆ ಬಿಂಗ್‌ಹ್ಯಾಮ್ ಮರಳಿ ಬಂದ. ಸ್ಥಳೀಯ ಕೂಲಿಯಾಳುಗಳು ತಿಂಗಳುಗಟ್ಟಲೆ ಮರ ಕಡಿದು, ಪೊದೆ ಸುಟ್ಟು, ಗೋಡೆಗಳ ಪಾಚಿ ಕೆರೆದು ನಗರವನ್ನು ಬಯಲಿಗೆ ತಂದರು. ನಾವು ಇಂದು ಕ್ಯಾಲೆಂಡರುಗಳಲ್ಲಿ ಕಾಣುವ ನೋಟ, ಎಂದರೆ ಮುಂದೆ ಮೆಟ್ಟಿಲುಗದ್ದೆ, ನಡುವೆ ಚಾವಣಿಯಿಲ್ಲದ ಮನೆಗಳು, ಹಿಂದೆ ಕೊಂಬಿನಂತೆ ಎದ್ದ ಹುಯ್ನಾ ಪಿಚ್ಚು ಶಿಖರ, ಸಿದ್ಧವಾದದ್ದು ಆ ಕೊಡಲಿಗಳಿಂದ. 1913ರ ಏಪ್ರಿಲಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಇಡೀ ಸಂಚಿಕೆಯನ್ನೇ ಈ ಚಿತ್ರಗಳಿಗೆ ಮೀಸಲಿಟ್ಟಿತು. ಉಪನ್ಯಾಸ ಮಂದಿರದ ನೂರಾರು ಮಂದಿ ಕಂಡದ್ದನ್ನು ಈಗ ಲಕ್ಷಾಂತರ ಮಂದಿ ಕಂಡರು. ಚಿತ್ರಗಳಲ್ಲಿ ಅಲ್ಲಲ್ಲಿ ಮನುಷ್ಯರೂ ಇದ್ದಾರೆ. ಬಹುಮಟ್ಟಿಗೆ ಗೋಡೆ ಎಷ್ಟೆತ್ತರವೆಂದು ತಿಳಿಯಲು ನಿಲ್ಲಿಸಿದ ಅಳತೆಗೋಲಿನಂತೆ. 1948ರಲ್ಲಿ ಬಿಂಗ್‌ಹ್ಯಾಮನ ಪುಸ್ತಕ ಹೊರಬಂದಾಗ ಅದರ ಹೆಸರಿನಲ್ಲೇ ‘ಕಳೆದುಹೋದ ನಗರ’ವೆಂಬ ಮಾತು ಸೇರಿ, ಶಾಶ್ವತವಾಗಿ ಅಂಟಿಕೊಂಡಿತು. ಗೆಣಸು ಬೆಳೆಯುತ್ತಿದ್ದವರಿಗೆ ಅದು ಎಂದೂ ಕಳೆದುಹೋಗಿರಲಿಲ್ಲ.

ಇನ್ನು ಸಮಾಧಿಗಳ ವಿಚಾರ. ಉತ್ಖನನದಲ್ಲಿ ನೂರಕ್ಕೂ ಮೀರಿ ಅಸ್ಥಿಪಂಜರಗಳು ದೊರೆತವು. ತಂಡದ ಜಾರ್ಜ್ ಈಟನ್ ಅವುಗಳಲ್ಲಿ ಬಹುಪಾಲು ಹೆಂಗಸರವೆಂದು 1916ರಲ್ಲಿ ವರದಿಮಾಡಿದ. ಅಷ್ಟು ಸಾಕಾಯಿತು: ಇದು ಸೂರ್ಯದೇವನಿಗೆ ಮುಡಿಪಾದ ಕನ್ಯೆಯರ ನೆಲೆ ಎಂಬ ರಮ್ಯ ಕಥೆ ಹುಟ್ಟಿ ದೇಶದೇಶಗಳಲ್ಲಿ ಹಬ್ಬಿತು. ಆಂಡಿಸ್ ಜನರ ಎಲುಬು ಕಿರಿದು. ಆಳ್ತನದ ಆ ಸಣ್ಣ ಮೂಳೆಗಳನ್ನು ಕಂಡು ಹೆಂಗಸರದೆಂದು ಅವನು ಎಣಿಸಿದ್ದ. ಜಾನ್ ವೆರಾನೊ ಎಂಬ ವಿದ್ವಾಂಸ ದಶಕಗಳ ಬಳಿಕ ಅವೇ ಅಸ್ಥಿಗಳನ್ನು ಮತ್ತೆ ಪರೀಕ್ಷಿಸಿದಾಗ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಸಮಸಮವಾಗಿದ್ದರು, ಮಕ್ಕಳೂ ಇದ್ದರು. ಕನ್ಯೆಯರ ಮಠ ಅಲ್ಲಿಗೆ ಮುಗಿಯಿತು. 2023ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆ ಇನ್ನೂ ಸೊಗಸಾದ ಸಂಗತಿಯನ್ನು ತಿಳಿಸಿತು. ಅಲ್ಲಿ ಮಣ್ಣಾದ ಸೇವಕರು ಸಾಮ್ರಾಜ್ಯದ ನಾನಾ ಮೂಲೆಗಳಿಂದ, ಅಮೆಜಾನ್ ಕಾಡಿನ ಸೀಮೆಯಿಂದ ಕೂಡ, ಬಂದವರಾಗಿದ್ದರು.

ಯಾರ ಸೇವಕರು? ಈ ಪ್ರಶ್ನೆಗೆ ಉತ್ತರ ಬಂದದ್ದು ಚಿತ್ರದಿಂದಲ್ಲ, ಕಾಗದದಿಂದ. ಸ್ಪೇನಿನ ಆಡಳಿತ ಕಾಲದ, 1568ರ ಒಂದು ದಾಖಲೆಯಲ್ಲಿ ಈ ಕಣಿವೆಯ ಭೂಮಿ ಇಂಕಾ ಚಕ್ರವರ್ತಿ ಪಚಾಕೂಟಿಯದಾಗಿತ್ತೆಂಬ ವಿವರವಿದೆ. ಜಾನ್ ರೋ ಎಂಬ ಇತಿಹಾಸಕಾರ 1990ರಲ್ಲಿ ಅದರ ಮಹತ್ತ್ವವನ್ನು ಎತ್ತಿ ತೋರಿದ. ಕುಸ್ಕೊ ನಗರದ ಎತ್ತರ ಸುಮಾರು 3,400 ಮೀಟರ್, ಮಾಚು ಪಿಚ್ಚುವಿನದು 2,430. ರಾಜಧಾನಿಯ ಕೊರೆವ ಚಳಿಯನ್ನು ಬಿಟ್ಟು ಅರಸು ಪರಿವಾರಸಮೇತ ಇಳಿದುಬರುತ್ತಿದ್ದ ಬೆಚ್ಚನೆಯ ಬೀಡು ಇದು. ಅವನಿಲ್ಲದಾಗ ಊರನ್ನು ನೋಡಿಕೊಂಡಿದ್ದವರು ಆ ಸೇವಕರು. ಮೂಳೆಗಳ ಕಾಲನಿರ್ಣಯವನ್ನು ಹೊಸ ವಿಧಾನದಿಂದ ಮಾಡಿ 2021ರಲ್ಲಿ ಪ್ರಕಟಿಸಿದಂತೆ, ಸುಮಾರು 1420ರ ವೇಳೆಗೇ ಅಲ್ಲಿ ಜನವಸತಿಯಿತ್ತು. ಸ್ಪೇನಿನವರ ಆಗಮನದ ಹೊತ್ತಿಗೆ ಸಾಮ್ರಾಜ್ಯ ಅಂತಃಕಲಹದಿಂದ ಸೀಳಿತ್ತು. ಅರಸನ ಬೊಕ್ಕಸ ಬತ್ತಿದ ಮೇಲೆ ಅರಸನ ಬೀಡು ಹೇಗೆ ನಡೆದೀತು?

ಹೆಸರಿನ ಬಗೆಗೂ ಈಗ ಸಂದೇಹ ಎದ್ದಿದೆ. ಹಳೆಯ ಭೂಪಟಗಳನ್ನೂ ದಾಖಲೆಗಳನ್ನೂ ಶೋಧಿಸಿದ ಇಬ್ಬರು ವಿದ್ವಾಂಸರು, ಇಂಕಾಗಳು ಈ ಪಟ್ಟಣವನ್ನು ಹುಯ್ನಾ ಪಿಚ್ಚು ಅಥವಾ ಬರಿಯ ಪಿಚ್ಚು ಎಂದು ಕರೆಯುತ್ತಿದ್ದಿರಬೇಕೆಂದು ಇತ್ತೀಚೆಗೆ ವಾದಿಸಿದ್ದಾರೆ. ಮಾಚು ಪಿಚ್ಚು ಎಂಬುದು ಅರ್ತಿಯಾಗ ಹೇಳಿ ಬಿಂಗ್‌ಹ್ಯಾಮ್ ಬರೆದುಕೊಂಡ ಹೆಸರು.

ನನ್ನ ಮಟ್ಟಿಗೆ ಈ ಪಟ್ಟಣದ ಅತಿ ದೊಡ್ಡ ವಿಸ್ಮಯ ಯಾವ ಗಾಜಿನ ಪಟದಲ್ಲೂ ಬಾರದಂಥದು. ಅದು ನೆಲದ ಕೆಳಗಿದೆ. ಅಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ಎರಡು ಪಕ್ಕದಲ್ಲೂ ಪ್ರಪಾತ, ಕೆಳಗೆ ಸೀಳುಬಿಟ್ಟ ಬಂಡೆ. ಸಾಮಾನ್ಯವಾಗಿ ಕಟ್ಟಿದ ಊರಾಗಿದ್ದರೆ ಕೆಲವೇ ಮಳೆಗಾಲಗಳಲ್ಲಿ ಜಾರಿ ನದಿಗೆ ಸೇರಬೇಕಿತ್ತು. 1990ರ ದಶಕದಲ್ಲಿ ಕೆನೆತ್ ರೈಟ್ ಎಂಬ ಅಮೆರಿಕದ ಜಲಶಾಸ್ತ್ರಜ್ಞ ಪೆರುವಿನ ಪುರಾತತ್ತ್ವಜ್ಞ ಆಲ್ಫ್ರೆದೊ ವಲೆನ್ಸಿಯಾನೊಡನೆ ಇದರ ಮರ್ಮವನ್ನು ಬಿಡಿಸಿದ. ಪ್ರತಿ ಮೆಟ್ಟಿಲುಗದ್ದೆಯಲ್ಲೂ ಮೇಲೆ ಫಲವತ್ತಾದ ಮಣ್ಣು, ಅದರಡಿ ಮರಳು ಕಲೆತ ಜಲ್ಲಿ, ಅದಕ್ಕೂ ಕೆಳಗೆ ದಪ್ಪ ಕಲ್ಲು. ನೀರು ನಿಲ್ಲದೆ ಸೋಸಿ ಹೋಗುತ್ತದೆ. ನಡುವಣ ಹಸಿರು ಬಯಲಿನ ಕೆಳಗೂ ಕಲ್ಲುಚೂರುಗಳ ದಪ್ಪ ಹಾಸು; ಗೋಡೆ ಕಟ್ಟಲು ಕೆತ್ತಿದಾಗ ಉದುರಿದ ಚೂರೇ ಅದು, ಒಂದನ್ನೂ ಅವರು ದಂಡಮಾಡಿಲ್ಲ. ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ಚರಂಡಿ ಬಾಯಿಗಳಿವೆ. ಪಟ್ಟಣಕ್ಕಾಗಿ ಪಟ್ಟ ಶ್ರಮದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೀಗೆ ಭೂಮಿಯೊಳಗಡೆಯೇ ಅಡಗಿದೆಯೆಂದು ರೈಟ್ ಲೆಕ್ಕಹಾಕಿದ್ದಾನೆ.

ಕುಡಿಯುವ ನೀರಿನ ಏರ್ಪಾಡೂ ಅಷ್ಟೇ ಜಾಣತನದ್ದು. ಬೆಟ್ಟದ ಮಗ್ಗುಲ ಚಿಲುಮೆಯಿಂದ 749 ಮೀಟರ್ ಉದ್ದದ ಕಲ್ಲುಕಾಲುವೆ, ಒಂದೇ ಹದವಾದ ಇಳಿಜಾರಿನಲ್ಲಿ, ಊರೊಳಕ್ಕೆ ನೀರು ತರುತ್ತಿತ್ತು. ಅಲ್ಲಿಂದ ಒಂದರ ಕೆಳಗೊಂದರಂತೆ ಹದಿನಾರು ದೋಣಿಗಳು. ನೀರು ಮೊದಲು ಬೀಳುವ ದೋಣಿಯ ಪಕ್ಕದಲ್ಲೇ ಅರಸನ ಮನೆಯಿದೆ. ಗಾಲಿ, ಕಬ್ಬಿಣದ ಉಳಿ, ಲಿಪಿ, ಯಾವುದೂ ಇಲ್ಲದ ಜನ ಇದನ್ನು ಸಾಧಿಸಿದರು.

ಚಿತ್ರಗಳ ಮಾತಿಗೇ ಮರಳುವುದಾದರೆ, ಬಿಂಗ್‌ಹ್ಯಾಮನ ಚಿತ್ರಗಳ ಜೊತೆಯಲ್ಲಿಟ್ಟು ನೋಡಬೇಕಾದವು ಮಾರ್ತಿನ್ ಚಂಬಿಯವು. ಚಂಬಿ 1891ರಲ್ಲಿ ಪೂನೊ ಸೀಮೆಯ ಹಳ್ಳಿಯಲ್ಲಿ ಹುಟ್ಟಿದವನು, ಕೆಚುವ ಭಾಷೆಯಾಡುವ ಬಡ ರೈತರ ಮಗ. ಹತ್ತಿರದ ಚಿನ್ನದ ಗಣಿಗೆ ಬಂದಿದ್ದ ವಿದೇಶೀಯರ ಕ್ಯಾಮೆರಾ ಕಂಡು ಮರುಳಾಗಿ, ಅರೆಕಿಪ ನಗರದಲ್ಲಿ ವಿದ್ಯೆ ಕಲಿತು, 1920ರಲ್ಲಿ ಕುಸ್ಕೊದಲ್ಲಿ ಅಂಗಡಿ ತೆರೆದ. ಗಾಜಿನ ತಟ್ಟೆಗಳ ಭಾರವನ್ನು ಹೊತ್ತು ಮಾಚು ಪಿಚ್ಚುವಿಗೆ ಮತ್ತೆಮತ್ತೆ ಹೋದ. ತನ್ನವರೇ ಕಟ್ಟಿದ ಊರನ್ನು ತನ್ನವನೊಬ್ಬ ಕಾಣುವ ಬಗೆ ಆ ಬೆಳಕುನೆರಳಿನಲ್ಲಿದೆ. ಅವನ ಕುಸ್ಕೊ ಚಿತ್ರಗಳಲ್ಲಂತೂ ಇಂಡಿಯನ್ ರೈತ, ಹಾಡುಗಾರ, ಮದುಮಗಳು ಎಲ್ಲರೂ ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸುತ್ತಾರೆ. ಅಳತೆಗೋಲಾಗಿ ನಿಂತವರು ಯಾರೂ ಇಲ್ಲ. ಅವನು 1973ರಲ್ಲಿ ತೀರಿಕೊಂಡ. ನ್ಯೂಯಾರ್ಕಿನ ಪ್ರಖ್ಯಾತ ಕಲಾಸಂಗ್ರಹಾಲಯ ಅವನ ಚಿತ್ರಗಳ ಪ್ರದರ್ಶನವನ್ನೇರ್ಪಡಿಸಿದ್ದು 1979ರಲ್ಲಿ.

ಬಿಂಗ್‌ಹ್ಯಾಮ್ ಕೊಂಡೊಯ್ದ ಅಸ್ಥಿಗಳು, ಮಡಕೆಗಳು, ಲೋಹದ ಒಡವೆಗಳು ಸುಮಾರು ಒಂದು ಶತಮಾನ ಯೇಲ್‌ನಲ್ಲೇ ಉಳಿದುವು. ಅವು ಎರವಲಾಗಿ ಹೋದವೆಂದು ಪೆರುವಿನ ವಾದ. 2008ರಲ್ಲಿ ಪೆರು ಸರ್ಕಾರ ಅಮೆರಿಕದ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2010ರಲ್ಲಿ ರಾಜಿಯಾಗಿ, 2011 ಮತ್ತು 2012ರಲ್ಲಿ ಪೆಟ್ಟಿಗೆಗಳು ಕಂತುಗಳಲ್ಲಿ ತಾಯ್ನಾಡಿಗೆ ಮರಳಿದುವು. ಈಗ ಅವು ಕುಸ್ಕೊ ನಗರದ ಕಾಸಾ ಕೊಂಚಾ ಎಂಬ ಹಳೆಯ ಭವನದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ವಶದಲ್ಲಿವೆ. ಮಾಚು ಪಿಚ್ಚುವಿಗೆ ಹೊರಡುವ ಪ್ರವಾಸಿಗರು ಬೆಳಗಿನ ರೈಲಿನ ಅವಸರದಲ್ಲಿ ಅದನ್ನು ಬಿಟ್ಟುಬಿಡುವುದುಂಟು. ಬೆಟ್ಟ ಹತ್ತುವ ಮುನ್ನಾದಿನ ಅಲ್ಲೊಂದು ಗಂಟೆ ಕಳೆಯುವುದು ಮೇಲು. ಅಲ್ಲಿರುವುದರಲ್ಲಿ ಬಂಗಾರ ಹುಡುಕಿದರೆ ಸಿಗದು. ಜೋಳದ ಚಿಚಾ ಮದ್ಯವನ್ನು ತುಂಬಿಟ್ಟು ಹಂಚುತ್ತಿದ್ದ ಮಡಕೆಗಳಿವೆ, ಬಟ್ಟೆಗೆ ಸಿಕ್ಕಿಸುತ್ತಿದ್ದ ಕಂಚಿನ ಸೂಜಿಗಳಿವೆ.